'ಮೇಡ್ ಇನ್ ಜರ್ಮನಿ'ಯಿಂದ ಗ್ರೈಂಡರ್ ಡಿಸ್ಕಿನವರೆಗೆ

ನಮ್ಮ ಕಾಲದ ಫ್ಯಾಕ್ಟರಿ ಮಂದಿಗೆ 'ಮೇಡ್ ಇನ್ ಜರ್ಮನಿ' ಎಂಬ ಮೂರು ಶಬ್ದ ಕಂಡರೆ ಸಾಕಿತ್ತು, ಬೆಲೆ ಕೇಳುವ ಮೊದಲೇ ಕೈ ಆ ಸ್ಪ್ಯಾನರಿನ ಕಡೆಗೆ ಹೋಗುತ್ತಿತ್ತು. ಆದರೆ ಈ ಮೂರು ಶಬ್ದ ಹುಟ್ಟಿದ್ದು ಹೊಗಳಿಕೆಗಾಗಿ ಅಲ್ಲ, ನಕಲಿ ಮಾಲನ್ನು ಹಿಡಿಯುವುದಕ್ಕೆ! ಆ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಶೆಫೀಲ್ಡ್ ಚೂರಿ, ಕತ್ತರಿ, ಅರ, ಗರಗಸಗಳ ಊರು. ಅಲ್ಲಿನ ಚೂರಿ ಮಾಡುವವರ ಸಂಘಕ್ಕೆ 1624ರಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ ಮಾನ್ಯತೆ ಕೊಟ್ಟಿತು. ಒಬ್ಬೊಬ್ಬ ಕಸುಬಿನವನಿಗೂ ಒಂದೊಂದು ಗುರುತು, ಅದನ್ನು ಸಂಘದಲ್ಲಿ ದಾಖಲು ಮಾಡಿಸಬೇಕು, ಇನ್ನೊಬ್ಬ ಅದನ್ನು ಹೊಡೆಯುವಂತಿಲ್ಲ. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಹೀಗೆ ಹೆಸರಾದದ್ದು. ಚೂರಿಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಬಟ್ಟೆಯನ್ನು ಮುಟ್ಟಿ ನೋಡಬಹುದು, ಅಕ್ಕಿಯನ್ನು ಬಾಯಿಗೆ ಹಾಕಿ ನೋಡಬಹುದು. ಉಕ್ಕಿನ ಗುಣ ಮಾತ್ರ ಹೊರಗೆ ಕಾಣುವುದಿಲ್ಲ. ಚೆನ್ನಾಗಿ ಹದ ಮಾಡಿದ ಚೂರಿಯೂ, ಬೀಡಿನಲ್ಲಿ ಎರಕ ಹೊಯ್ದು ಪಾಲಿಶ್ ಮಾಡಿದ ಚೂರಿಯೂ ಅಂಗಡಿಯಲ್ಲಿ ಒಂದೇ ತರಹ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ. ಅಲ್ಲಿಯವರೆಗೆ ಗಿರಾಕಿಗೆ ಆ ಗುರುತೊಂದೇ ಆಧಾರ.

(ಇದಕ್ಕೆ ನಮ್ಮ ಕಡೆಯದೂ ಒಂದು ಕೊಂಡಿ ಇದೆ. 18ನೇ ಶತಮಾನದ ಕೊನೆಯಲ್ಲಿ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ 'ವೂಟ್ಸ್' ಎಂಬ ಉಕ್ಕಿನ ಗಟ್ಟಿಗಳು ಹೋದವು. ಈ ಹೆಸರು ನಮ್ಮ 'ಉಕ್ಕು' ಎಂಬ ಶಬ್ದವೇ ಕಿವಿಯಿಂದ ಕಿವಿಗೆ ಕೆಟ್ಟು ಆದದ್ದು ಎಂದು ಬಹಳ ವಿದ್ವಾಂಸರ ಮತ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವುದನ್ನು ಬುಕಾನನ್ ಸಾಹೇಬ ಕಣ್ಣಾರೆ ನೋಡಿ ಬರೆದಿದ್ದಾನೆ. ಅಂಥ ಉಕ್ಕಿನ ಕತ್ತಿಯ ಮೇಲೆ ನೀರಿನ ಅಲೆಯಂಥ ಚಿತ್ತಾರ ತಾನಾಗಿ ಮೂಡುತ್ತದೆ. ಅದಕ್ಕೆ ಬೆಲೆ ಬಂದದ್ದೇ ತಡ, ಸಾಧಾರಣ ಕಬ್ಬಿಣದ ಮೇಲೆ ಆಸಿಡ್ ಹಚ್ಚಿ ಅಂಥದೇ ಅಲೆ ಬಿಡಿಸುವವರು ಹುಟ್ಟಿಕೊಂಡರು. ಅಂದಿನ ಹೊಲೊಗ್ರಾಮನ್ನೂ ನಕಲು ಮಾಡಿದರು ಅನ್ನಿ!)

ಮತ್ತೆ ಶೆಫೀಲ್ಡಿಗೆ ಬರೋಣ. 19ನೇ ಶತಮಾನದ ಕೊನೆಗೆ ಜರ್ಮನಿಯ ಸೋಲಿಂಗೆನ್ ಎಂಬ ಊರಿನಿಂದ ಅಗ್ಗದ ಚೂರಿ ಕತ್ತರಿಗಳು ಬರತೊಡಗಿದವು. ಸೋಲಿಂಗೆನ್ ಕೂಡ ಕತ್ತಿ ಮಾಡುವುದರಲ್ಲಿ ಹಳೆಯ ಊರೇ. ಆದರೆ ಆಗ ಬಂದ ಮಾಲಿನಲ್ಲಿ ಬಹಳಷ್ಟು ಕೀಳು ಲೋಹದ್ದು, ಮೇಲೆ ಶೆಫೀಲ್ಡ್ ಕಂಪನಿಗಳ ಗುರುತು. ತಪ್ಪು ಒಂದೇ ಕಡೆಯದು ಎನ್ನುವಂತೆಯೂ ಇಲ್ಲ. ಶೆಫೀಲ್ಡಿನ ಕೆಲವು ವ್ಯಾಪಾರಿಗಳೇ ಜರ್ಮನಿಯಿಂದ ಅಲಗುಗಳನ್ನು ತರಿಸಿ ತಮ್ಮ ಊರಿನ ಹೆಸರು ಹೊಡೆದು ಮಾರುತ್ತಿದ್ದರು. ಜರ್ಮನ್ ಮಾಲು ಅಗ್ಗ ಮತ್ತು ಕೆಟ್ಟದ್ದು ಎಂದು ಮೊದಲು ದೊಡ್ಡ ದನಿಯಲ್ಲಿ ಹೇಳಿದವನೂ ಇಂಗ್ಲಿಷಿನವನಲ್ಲ, ಜರ್ಮನ್ ಇಂಜಿನಿಯರ್ ಫ್ರಾಂಜ್ ರೂಲೊ. 1876ರ ಫಿಲಡೆಲ್ಫಿಯಾ ಪ್ರದರ್ಶನದಿಂದ ಊರಿಗೆ ಬರೆದ ಪತ್ರಗಳಲ್ಲಿ ತನ್ನ ದೇಶದ ಮರ್ಯಾದೆಯನ್ನು ತಾನೇ ತೆಗೆದ.

ಕೊನೆಗೆ 1887ರಲ್ಲಿ ಬ್ರಿಟನ್ ಮರ್ಚಂಡೈಸ್ ಮಾರ್ಕ್ಸ್ ಆ್ಯಕ್ಟ್ ತಂದಿತು. ಬ್ರಿಟಿಷ್ ಮಾಲು ಅನ್ನಿಸುವಂಥ ಹೆಸರೋ ಗುರುತೋ ಇರುವ ಹೊರದೇಶದ ಸಾಮಾನಿನ ಮೇಲೆ ಅದು ಹುಟ್ಟಿದ ದೇಶದ ಹೆಸರೂ ಇರಬೇಕು ಎಂಬ ನಿಯಮ. ಎರಡೇ ವರ್ಷದಲ್ಲಿ, 1889ರಲ್ಲಿ, ಅದೇ ಮಾದರಿಯ ಕಾಯಿದೆ ಇಂಡಿಯಾಕ್ಕೂ ಬಂತು. ಜನ ಜರ್ಮನಿ ಎಂಬ ಹೆಸರು ನೋಡಿ ಮೂಗು ಮುರಿಯುತ್ತಾರೆ ಎಂದು ಲೆಕ್ಕ. ಆದದ್ದು ತಿರುಗುಮುರುಗು. ಜರ್ಮನರು ಮಾಲು ಸುಧಾರಿಸಿಕೊಂಡರು. 1896ರಲ್ಲಿ ಅರ್ನೆಸ್ಟ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಲೇಖಕ 'ಮೇಡ್ ಇನ್ ಜರ್ಮನಿ' ಎಂಬ ಪುಸ್ತಕವನ್ನೇ ಬರೆದು, ನಿಮ್ಮ ಮನೆ ತುಂಬ ಜರ್ಮನ್ ಸಾಮಾನೇ ತುಂಬಿದೆ ನೋಡಿ ಎಂದು ತನ್ನ ಜನರನ್ನು ಎಚ್ಚರಿಸಬೇಕಾಯಿತು. ಕಳ್ಳನ ಹಣೆಗೆ ಬರೆದ ಹೆಸರು ಸಾಹುಕಾರನ ಬಿರುದಾಯಿತು. ಮುಂದೆ ಸೋಲಿಂಗೆನ್ ಹೆಸರನ್ನೇ ಬೇರೆಯವರು ಕದಿಯುವಂತಾಗಿ, ಅದನ್ನು ಕಾಯಲು ಜರ್ಮನಿ 1938ರಲ್ಲಿ ಪ್ರತ್ಯೇಕ ಕಾನೂನು ಮಾಡಿತು!

ಇನ್ನು ನಮ್ಮ ಮುಂಬಯಿ. ಇಲ್ಲಿ ನಕಲಿಗೆ ಸಂಸ್ಥಾನದ ಮರ್ಯಾದೆ ಇತ್ತು. ದೇಶ ಒಡೆದ ಮೇಲೆ ಸಿಂಧಿನಿಂದ ಬಂದ ನಿರಾಶ್ರಿತರು ಕಲ್ಯಾಣದ ಹತ್ತಿರ ಮಿಲಿಟರಿ ಕ್ಯಾಂಪಿನ ಜಾಗದಲ್ಲಿ ಕಟ್ಟಿದ ಉಲ್ಲಾಸನಗರದ ಬಗ್ಗೆ ಒಂದು ಹಳೆಯ ಜೋಕ್ ನೀವೂ ಕೇಳಿರುತ್ತೀರಿ: 'ಮೇಡ್ ಇನ್ ಯುಎಸ್ಎ' ಅಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್. ಕೈಯಲ್ಲಿ ಕಾಸಿಲ್ಲದೆ ಬಂದು ದುಡಿದು ಮೇಲೆ ಬಂದ ಜನ ಅವರು. ಜೋಕಿನಲ್ಲಿ ಅಸೂಯೆಯ ಪಾಲೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಟೂಲ್‌ರೂಮಿಗೆ ಸಾಮಾನು ಬರುತ್ತಿದ್ದದ್ದು ನಾಗದೇವಿ ಸ್ಟ್ರೀಟಿನಿಂದ. ಮಸ್ಜಿದ್ ಬಂದರಿನಲ್ಲಿ ಇಳಿದು, ಕೈಗಾಡಿಗಳ ನಡುವೆ ಮೈ ಹಿಡಿ ಮಾಡಿಕೊಂಡು ನಡೆದರೆ ಬೇರಿಂಗು, ಅರ, ಡ್ರಿಲ್ ಬಿಟ್ಟುಗಳ ಸಾಲು ಸಾಲು ಅಂಗಡಿ. ಗಲ್ಲೆಯ ಮೇಲಿನ ಸೇಠ್ ಕೇಳುವ ಮೊದಲ ಪ್ರಶ್ನೆ, "ಒರಿಜಿನಲ್ ದೂಂ ಯಾ ಡೂಪ್ಲಿಕೇಟ್?" ಎರಡಕ್ಕೂ ಬೇರೆ ಬೇರೆ ರೇಟು. ಡೂಪ್ಲಿಕೇಟ್ ತೆಗೆದುಕೊಂಡವನಿಗೂ ಅದು ಡೂಪ್ಲಿಕೇಟ್ ಎಂದು ಗೊತ್ತು. ಕಾನೂನಿನ ಪ್ರಕಾರ ಅದೂ ಅಪರಾಧವೇ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಖೋಟಾ ಗುರುತಿಗೆ ಮೂರು ವರ್ಷದವರೆಗೂ ಜೈಲಿದೆ. ಆದರೂ ಆ ಪ್ರಶ್ನೆಯಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಅರವನ್ನು ಕೈಯಲ್ಲಿ ತೂಗಿ ನೋಡಬಹುದಿತ್ತು, ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ ಕಿವಿಯ ಹತ್ತಿರ ಹಿಡಿಯಬಹುದಿತ್ತು. ಮುಂದಿನ ವಾರ ಅದೇ ಸೇಠ್ ಅದೇ ಗಲ್ಲೆಯಲ್ಲಿ ಸಿಗುತ್ತಿದ್ದ.

ಆನ್‌ಲೈನಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದೇ ಚಿತ್ರ, ಒಂದೇ ಕಂಪನಿಯ ಹೆಸರು, ಅದರ ಕೆಳಗೆ ನಾಲ್ಕಾರು ಮಾರಾಟಗಾರರು. ತೂಕ ಇಲ್ಲ, ಸದ್ದು ಇಲ್ಲ. ಮತ್ತೆ ಗುರುತೊಂದೇ ಆಧಾರ. ಹಾಗಾಗಿಯೇ ಇರಬೇಕು, ಸರಕಾರವೂ 2020ರ ಇ-ಕಾಮರ್ಸ್ ನಿಯಮಗಳಲ್ಲಿ, ಸಾಮಾನು ತಯಾರಾದ ದೇಶವನ್ನು ಮಾರಾಟಗಾರ ತಿಳಿಸಲೇಬೇಕು ಎಂದು ಹೇಳಿತು. 1887ರ ಮದ್ದೇ, ಬಾಟಲಿ ಹೊಸದು. ಹೆಸರನ್ನೇ ಸುಳ್ಳು ಬರೆಯುವವನಿಗೆ ದೇಶದ ಹೆಸರನ್ನು ಸುಳ್ಳು ಬರೆಯುವುದು ಎಷ್ಟು ಹೊತ್ತು?

ಕಳೆದ ವರ್ಷ ನಮ್ಮ ಸೊಸೈಟಿಯಲ್ಲಿ ಗ್ರಿಲ್ ಬದಲಿಸುವ ಕೆಲಸ ನಡೆದಿತ್ತು. ವಿಜಾಪುರ ಕಡೆಯ ಹುಡುಗನೊಬ್ಬ ಗ್ರೈಂಡರ್ ಹಿಡಿದಿದ್ದ. ಹೊಸ ಡಿಸ್ಕ್ ಹಾಕಿ ಎರಡನೇ ಸರಳು ಕೊಯ್ಯುವಾಗ ಡಿಸ್ಕ್ ಮೂರು ತುಂಡಾಗಿ ಹಾರಿತು. ಒಂದು ಚೂರು ಹುಬ್ಬಿನ ಮೇಲೆ ಬಡಿಯಿತು, ಐದು ಹೊಲಿಗೆ. ಕಣ್ಣು ಉಳಿದದ್ದು ಬೆರಳಗಲದ ಅಂತರದಲ್ಲಿ. ಆ ಚಿಕ್ಕ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ನಾಲ್ಕಿಂಚಿನ ಡಿಸ್ಕಿನ ಅಂಚು ಗಂಟೆಗೆ 200 ಕಿ.ಮೀ. ವೇಗವನ್ನೂ ಮೀರಿ ಓಡುತ್ತಿರುತ್ತದೆ. ಸಾಣೆಯ ಕಾಳುಗಳನ್ನು ಅಂಟಿನಿಂದ ಹಿಡಿಸಿ, ಚೂರಾಗಿ ಸಿಡಿಯದಂತೆ ಒಳಗೆ ಗಾಜಿನ ನೂಲಿನ ಜಾಲರಿ ಕೂರಿಸಿರುತ್ತಾರೆ. ನಕಲಿ ಮಾಡುವವನು ಉಳಿಸುವುದು ಕಣ್ಣಿಗೆ ಕಾಣದ ಈ ಜಾಲರಿಯಲ್ಲಿ, ಅಂಟಿನಲ್ಲಿ. ಅಂಟು ಹಳತಾದರೆ, ತೇವ ತಾಗಿದರೆ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಕಂಪನಿಗಳು ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತವೆ. ಸಾಮಾನ್ಯವಾಗಿ ತಯಾರಾದಲ್ಲಿಂದ ಮೂರು ವರ್ಷ. ಡಿಸ್ಕ್ ತಾಳುವ ಸುತ್ತಿನ ಸಂಖ್ಯೆಯೂ ಇರುತ್ತದೆ, ಅದು ಯಂತ್ರದ ಸುತ್ತಿಗಿಂತ ಕಡಿಮೆ ಇರಲೇಬಾರದು.

ಡಿಸ್ಕ್ ಎಲ್ಲಿಂದ ಬಂತಪ್ಪಾ ಎಂದು ಕೇಳಿದೆ.

"ಮುಕಾದಮ್ರು ಆನ್‌ಲೈನ್‌ದಾಗ ತರಿಸ್ಯಾರ್ರೀ ಸಾಹೇಬ್ರ. ಡಬ್ಬಿ ಮ್ಯಾಲ ಕಂಪನಿ ಹೆಸ್ರು ಛಲೋನ ಐತಲ್ರೀ..."

ಡಬ್ಬಿ ನೋಡಿದೆ. ಹೆಸರು ನಿಜವಾಗಿಯೂ ಚೆನ್ನಾಗಿಯೇ ಇತ್ತು. ಉಳಿದಿದ್ದ ಒಂಬತ್ತು ಡಿಸ್ಕುಗಳ ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ, ಒಂದರ ಮೇಲೂ ತಾರೀಖಿಲ್ಲ. ಹುಡುಗನ ಆಸ್ಪತ್ರೆ ಖರ್ಚನ್ನು ಮುಕಾದಮನಿಂದ ಕೊಡಿಸುವಷ್ಟರಲ್ಲಿ ಸೊಸೈಟಿಯವರಿಗೆ ಸಾಕುಸಾಕಾಯಿತು. ಡಿಸ್ಕಿನ ದುಡ್ಡು ಮಾತ್ರ ಮುಕಾದಮನಿಗೆ ನಾಲ್ಕೇ ದಿನದಲ್ಲಿ ವಾಪಸ್ ಬಂತು. ಒಂಬತ್ತು ಡಿಸ್ಕುಗಳ ಆ ಡಬ್ಬಿಯನ್ನು ಕೊರಿಯರ್ ಹುಡುಗ ಬಂದು ತೆಗೆದುಕೊಂಡು ಹೋದ. ನಾಶ ಮಾಡುತ್ತೀರಾ ಎಂದು ಕೇಳಿದ್ದಕ್ಕೆ, ಗೋಡೌನಿಗೆ ಹೋಗುತ್ತದೆ ಸರ್ ಅಂದ.