ಶಾಲೆಗೆ ಹೋಗಲೊಲ್ಲದ ಮಗು

ಶಾಲೆ ತಪ್ಪಿಸುವ ಹುಡುಗನಿಗೆ ನಮ್ಮ ಹಿರಿಯರು ಇಟ್ಟಿದ್ದುದು ‘ಕಳ್ಳ’ನೆಂಬ ಒಂದೇ ಹೆಸರು. ಕೂಲಿಮಠದ ಕಾಲದಲ್ಲಿ ಅವನನ್ನು ಹಿಡಿದು ತರಲು ಐಗಳು ದೊಡ್ಡ ಹುಡುಗರನ್ನು ಅಟ್ಟುತ್ತಿದ್ದರು. ಕೈಕಾಲು ಹಿಡಿದು ಹೊತ್ತು ತಂದ ಮೇಲೆ ಕೋದಂಡ ಕಾದೇ ಇರುತ್ತಿತ್ತು. ಕೋದಂಡವೆಂದರೆ ತೊಲೆಗೆ ಕಟ್ಟಿದ ಹಗ್ಗ. ಹುಡುಗ ಅದನ್ನು ಹಿಡಿದು ಜೋತಾಡಬೇಕು. ಇಂಗ್ಲೆಂಡಿನವರೇನೂ ನಮಗಿಂತ ಮೃದುವಲ್ಲ. 19ನೆಯ ಶತಮಾನದಲ್ಲಿ ಅಲ್ಲಿ ಶಾಲೆಗಳ್ಳರನ್ನು ಕೂಡಿಹಾಕಲೆಂದೇ ಬೇರೆ ಶಾಲೆಗಳಿದ್ದವು.

ಈ ಕಳ್ಳರ ಗುಂಪಿನಲ್ಲಿ ಕಳ್ಳನಲ್ಲದವನೂ ಒಬ್ಬನಿದ್ದಾನೆಂದು ಮೊದಮೊದಲು ಬರೆದಿಟ್ಟವರಲ್ಲಿ ಇಸ್ರಾ ಬ್ರಾಡ್ವಿನ್ ಒಬ್ಬರು, 1932ರ ಮಾತು. ಪೋಲಿ ಹುಡುಗ ಮನೆಯವರಿಗೆ ಸುಳಿವು ಕೊಡದೆ ಊರು ಸುತ್ತುತ್ತಾನೆ. ಈತನಾದರೋ ಮನೆಗೇ ಓಡಿ ಬರುತ್ತಾನೆ. ಏಕೆಂದು ಕೇಳಿದರೆ ಹೇಳಲಾರ. ತಾಯಿಯ ಬಳಿ ಸೇರಿದನೋ, ಗೆಲುವಾಗುತ್ತಾನೆ. ತಾನಿಲ್ಲದಾಗ ಆಕೆಗೆ ಏನೋ ಆಗಿಬಿಟ್ಟಿತೆಂಬ ದಿಗಿಲು ಅವನನ್ನು ತರಗತಿಯಿಂದ ಎಬ್ಬಿಸುತ್ತದೆ.

ಇದನ್ನೋದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನನಗೆ ಏಳು ವರ್ಷವಿದ್ದಾಗ, ಶಾಲೆಯ ಗಂಟೆ ಕೇಳಿಸಿದೊಡನೆ ಎದೆ ನಗಾರಿಯಂತೆ ಹೊಡೆದುಕೊಳ್ಳುತ್ತಿತ್ತು. ಅಂಗೈ ಒದ್ದೆ, ಉಸಿರು ಸಾಲದು. ಆಗ ಅಮ್ಮ ಬಾಣಂತಿ, ಜ್ವರ ಬಿಟ್ಟಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದು ತಾಯತ ಕಟ್ಟಿಸಿದಳು. ಅಪ್ಪ ಬೆತ್ತ ತೆಗೆದರು. ರಾತ್ರಿ ಅವರಿಬ್ಬರಿಗೂ ಇದೇ ಜಗಳ. ಅಮ್ಮ ಮಲಗಿದಲ್ಲೇ ಅಳುವಳು. ಭಾನುವಾರ ನನಗೆ ಏನೂ ಆಗುತ್ತಿರಲಿಲ್ಲವಾಗಿ, ಇದೆಲ್ಲ ಸೋಗೆಂದು ಮನೆಮಂದಿಗೆ ಖಾತ್ರಿಯಾಯಿತು.

1941ರಲ್ಲಿ ಅಮೆರಿಕದ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು ಇಂಥ ಎಂಟು ಮಕ್ಕಳನ್ನು ಕುರಿತು ಬರೆದು ‘ಶಾಲಾಭೀತಿ’ಯೆಂದು ಕರೆದರು. ಹೆಸರು ಅಷ್ಟು ಸರಿಯಿಲ್ಲ. ತಾಯಿಯ ಕಳವಳವೂ ಮಗುವಿನ ಕಳವಳವೂ ಒಂದಕ್ಕೊಂದು ತಿದಿಯೊತ್ತುವುದನ್ನು ಅವರೇ ಕಂಡಿದ್ದರು. ಮಗು ಅಂಜುವುದು ಹೆಚ್ಚಾಗಿ ಶಾಲೆಗಲ್ಲ, ಮನೆ ಬಿಡುವುದಕ್ಕೆ ಎಂದು ಜಾನ್ ಬೌಲ್ಬಿ 1973ರಲ್ಲಿ ವಾದಿಸಿದರು. ಹಾಗೆಂದು ಬೆತ್ತವನ್ನು ಪೂರ್ತಿ ಖುಲಾಸೆ ಮಾಡಲು ನಾನೊಪ್ಪೆ. ನಮ್ಮ ದೇಶದಲ್ಲಿ ಶಾಲೆಯ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಬೇಕಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಮಕ್ಕಳ ‘ಅಗಲಿಕೆಯ ಕಳವಳ’ಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಹಠಾತ್ತನೆ ಎರಗುವ ದಿಗಿಲೂ ಅದೇ ಹೊತ್ತಗೆಯಲ್ಲಿ ಬೇರೊಂದು ರೋಗವೆನಿಸಿತು.

ವೈದ್ಯರು ಈಗ ಹೇಳುವ ಉಪಾಯ ಸರಳ, ಆಚರಣೆ ಕಷ್ಟ. ಮಗುವನ್ನು ಬಹುಕಾಲ ಮನೆಯಲ್ಲಿ ಕೂರಿಸಬಾರದು, ಎಳೆದೊಯ್ಯಲೂ ಬಾರದು. ಇಂದು ಶಾಲೆಯ ಬಾಗಿಲವರೆಗೆ, ನಾಳೆ ಒಂದು ಪಾಠದಷ್ಟು ಹೊತ್ತು, ನಾಡಿದ್ದು ಮಧ್ಯಾಹ್ನದವರೆಗೆ. ಜೊತೆಗೆ ತಾಯಿತಂದೆಯರನ್ನೂ ಕೂರಿಸಿಕೊಂಡು ಮಾತನಾಡಿಸುತ್ತಾರೆ.