ಕಮಾನು ಪಟ್ಟಿಯಿಂದ ಸುರುಳಿ ಸ್ಪ್ರಿಂಗಿನವರೆಗೆ: ನಾಲ್ಕು ಚಕ್ರ ಚಾಲನೆಯ ವಾಹನಗಳ ಹಿಂಬದಿ ಸಸ್ಪೆನ್ಷನ್

ಪಾವಗಡ ತಾಲ್ಲೂಕಿನ ಹೋಬಳಿ ಕೇಂದ್ರವಾದ ವೈ.ಎನ್.ಹೊಸಕೋಟೆ, ಅಂದರೆ ಯಲ್ಲಪ್ಪನಾಯಕನ ಹೊಸಕೋಟೆ, ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ಬಹುಮಟ್ಟಿಗೆ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಈ ತಾಲ್ಲೂಕಿನ ಜನರು ಮಧುಗಿರಿಯ ಮಾರ್ಗವಾಗಿ ತಮ್ಮದೇ ಜಿಲ್ಲಾಕೇಂದ್ರವಾದ ತುಮಕೂರಿಗೆ ಹೋಗಬೇಕಾದರೂ ನಡುವೆ ನೆರೆರಾಜ್ಯದ ನೆಲವನ್ನು ಹಾಯಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದುದ್ದಕ್ಕೂ ರೈಲು ಕಾಣದ, ಮಳೆಯಾಶ್ರಿತ ಕಡಲೆಕಾಯಿ ಬೇಸಾಯವನ್ನು ನೆಚ್ಚಿದ ಇಂತಹ ಬಯಲುಸೀಮೆಯಲ್ಲಿ ಸಾರಿಗೆಯ ಚರಿತ್ರೆಯೆಂದರೆ ಮುಖ್ಯವಾಗಿ ಗಾಡಿಗಳ ಚರಿತ್ರೆ. ಆ ಚರಿತ್ರೆಯಲ್ಲಿ ವಾಹನದ ಒಡಲನ್ನು ಹಿಂದಿನ ಚಕ್ರಗಳೊಡನೆ ಕೂಡಿಸುವ ಸಸ್ಪೆನ್ಷನ್ ಕಣ್ಣಿಗೆ ಅಷ್ಟಾಗಿ ಬೀಳದ, ಆದರೆ ಪಯಣಿಗನ ಬೆನ್ನಿಗೆ ಚೆನ್ನಾಗಿ ತಿಳಿಯುವ ಅಂಗವಾಗಿದೆ. ಅದರ ಬದಲಾವಣೆಯನ್ನು ಕೇವಲ ಯಂತ್ರದ ಸುಧಾರಣೆಯೆಂದು ಕಾಣದೆ, ವಾಹನದ ಹಿಂಭಾಗವನ್ನು ಹೇರಿಗೆಂದು ರೂಪಿಸಲಾಯಿತೋ ಮನುಷ್ಯರಿಗೆಂದು ರೂಪಿಸಲಾಯಿತೋ ಎಂಬ ಪ್ರಶ್ನೆಯೊಡನೆ ನೋಡುವುದು ಅಗತ್ಯ.

ಎತ್ತಿನ ಗಾಡಿಯಲ್ಲಿ ಸ್ಪ್ರಿಂಗ್ ಇರಲಿಲ್ಲ. ಗಾಲಿಗೆ ಬಿದ್ದ ಪೆಟ್ಟು ಅಚ್ಚಿನ ಮೂಲಕ ನೇರವಾಗಿ ಗಾಡಿಯ ಮೈಗೆ ತಾಗುತ್ತಿತ್ತು. ಹಾಸಿದ ಹುಲ್ಲೊಂದೇ ಪಯಣಿಗರ ಆಸರೆ. ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗಿಗೆ ಇಂಗ್ಲೆಂಡಿನಲ್ಲಿ ಒಬಡಯ ಎಲಿಯಟ್ 1804ರಲ್ಲಿ ಹಕ್ಕುಪತ್ರ ಪಡೆದನು. ಕುದುರೆ ಸಾರೋಟುಗಳಲ್ಲಿ ರೂಢಿಗೆ ಬಂದ ಈ ಬಗೆಯ ಪಟ್ಟಿಗಳು ನಮ್ಮ ಜಟಕಾ ಗಾಡಿಗೂ ಬಂದವು. ಮೋಟಾರು ವಾಹನ ಬಂದಾಗ ಈ ಜೋಡಣೆಯನ್ನೇ ಅದು ಎರವಲು ಪಡೆಯಿತು.

1941ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲಿಸ್ ಜೀಪಿನ ಮುಂದೆ, ಹಿಂದೆ ಎರಡೂ ಕಡೆ ಅಖಂಡ ಅಚ್ಚು ಮತ್ತು ಕಮಾನು ಪಟ್ಟಿಗಳಿದ್ದವು. ಕಾಲು ಟನ್ ಹೇರಿನ ವರ್ಗಕ್ಕೆ ಸೇರಿದ ವಾಹನವದು. ಮಹೀಂದ್ರ ಸಂಸ್ಥೆ 1947ರಲ್ಲಿ ಭಾರತದಲ್ಲಿ ಜೀಪಿನ ಜೋಡಣೆಗೆ ತೊಡಗಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಹಳ್ಳಿಗಳಿಗೆ ಸರ್ಕಾರದ ಗುರುತಾಯಿತು.

ಕಮಾನು ಪಟ್ಟಿಯ ಹೆಚ್ಚಳವೆಂದರೆ ಅದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಭಾರವನ್ನು ಹೊರುತ್ತದೆ, ಅಚ್ಚು ಹಿಂದುಮುಂದಾಗದಂತೆ ಹಿಡಿದಿಡುತ್ತದೆ. ಪಟ್ಟಿಗಳ ನಡುವಿನ ಉಜ್ಜುವಿಕೆಯೇ ಕುಲುಕಾಟವನ್ನು ಒಂದಿಷ್ಟು ತಗ್ಗಿಸುತ್ತದೆ. ಹೆಚ್ಚು ಭಾರಕ್ಕೆ ಒಂದು ಪಟ್ಟಿ ಸೇರಿಸಬಹುದು. ಒಂದು ಮುರಿದರೆ ಅದನ್ನಷ್ಟೇ ಬದಲಿಸಬಹುದು. ದೊಡ್ಡ ಕಾರ್ಖಾನೆಯಿಂದ ದೂರವಿದ್ದ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಆ ಉಜ್ಜುವಿಕೆಯಿಂದಲೇ ಸಣ್ಣ ಪೆಟ್ಟುಗಳು ಹೀರಲ್ಪಡದೆ ಒಡಲಿಗೆ ಮುಟ್ಟುತ್ತವೆ. ಎಂಜಿನ್ನಿನ ಬಲ ಹೆಚ್ಚಿದಾಗ ಅಚ್ಚು ತಿರುಚಿಕೊಂಡು ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದಂತೆ ಡೊಂಕಾಗುವುದೂ ಉಂಟು. ಹೇರಿಗೆ ಹೊಂದಿಸಿದ ಪಟ್ಟಿ ಖಾಲಿ ಗಾಡಿಯಲ್ಲಿ ಇನ್ನಷ್ಟು ಬಿರುಸಾಗಿರುತ್ತದೆ.

ಇಲ್ಲಿಯೇ ಮನುಷ್ಯರ ಪ್ರಶ್ನೆ ಏಳುತ್ತದೆ. ಅನೇಕ ಜೀಪುಗಳಲ್ಲಿ ಅಧಿಕಾರಿಯ ಪೀಠ ಮುಂದೆ, ಎರಡು ಅಚ್ಚುಗಳ ನಡುವೆ ಇರುತ್ತಿತ್ತು. ಉಳಿದವರು ಕೂರುತ್ತಿದ್ದುದು ಹಿಂದೆ, ಚಕ್ರಗಳ ನೇರ ಮೇಲಿನ ಅಡ್ಡ ಬೆಂಚುಗಳಲ್ಲಿ. ಕೂಲಿಯವರು, ಸಂತೆಗೆ ಹೊರಟವರು, ಆಸ್ಪತ್ರೆಗೆ ಸಾಗಿಸಬೇಕಾದ ರೋಗಿಗಳು, ಬಸುರಿಯರು ಪಯಣಿಸಿದ್ದು ಸರಕಿಗೆಂದು ಬಿಗಿಗೊಳಿಸಿದ ಪಟ್ಟಿಗಳ ಮೇಲೆ. ವಾಹನವೊಂದೇ ಆದರೂ ಮುಂದೆ ಕುಳಿತವನ ದಾರಿ ಬೇರೆ, ಹಿಂದೆ ಕುಳಿತವನ ದಾರಿ ಬೇರೆಯಾಗಿತ್ತು.

ಅಖಂಡ ಅಚ್ಚನ್ನು ಉಳಿಸಿಕೊಂಡೇ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗ್ ಅಳವಡಿಸುವುದು ಎರಡನೆಯ ಬಗೆ. ಬ್ರಿಟನ್ನಿನ ರೇಂಜ್ ರೋವರ್ 1970ರಲ್ಲಿ ಇದನ್ನು ಮುಂದಕ್ಕೂ ಹಿಂದಕ್ಕೂ ಬಳಸಿ ಹೆಸರಾಯಿತು. ಸುರುಳಿ ಭಾರವನ್ನು ಮಾತ್ರ ಹೊರಬಲ್ಲದು. ಅಚ್ಚನ್ನು ಹಿಡಿದಿಡಲು ಪ್ರತ್ಯೇಕ ಸರಳುಗಳೂ ರಬ್ಬರ್ ಬುಷ್‌ಗಳೂ ಬೇಕು. ಇದಕ್ಕೆ ಪ್ರತಿಯಾಗಿ ದೊರೆಯುವುದು ಮೃದುವಾದ ಓಟ ಮತ್ತು ಚಕ್ರಗಳ ಹೆಚ್ಚಿನ ಏರಿಳಿತ. ಒಂದು ಚಕ್ರ ಬಂಡೆಯನ್ನೇರಿದಾಗ ಅಖಂಡ ಅಚ್ಚು ವಾಲಿ ಇನ್ನೊಂದನ್ನು ನೆಲಕ್ಕೆ ಒತ್ತುವುದರಿಂದ ಕಲ್ಲುದಾರಿಯಲ್ಲಿ ಹಿಡಿತ ತಪ್ಪುವುದು ಕಡಿಮೆ. ಭಾರತದಲ್ಲಿ 1998ರ ಟಾಟಾ ಸಫಾರಿ ಹಿಂಬದಿಗೆ ಈ ಬಗೆಯನ್ನು ತಂದಿತು. 1985ರ ಮಾರುತಿ ಜಿಪ್ಸಿಯಲ್ಲಿ ಪಟ್ಟಿಗಳಿದ್ದವು. 2023ರಲ್ಲಿ ಬಂದ ಜಿಮ್ನಿಯಲ್ಲಿ ಸುರುಳಿಗಳಿವೆ. 2010ರ ಮಹೀಂದ್ರ ಥಾರ್ ಹಿಂದುಗಡೆ ಪಟ್ಟಿಗಳನ್ನೇ ಹೊಂದಿತ್ತು. 2020ರ ಥಾರ್ ಅಖಂಡ ಅಚ್ಚನ್ನು ಬಿಡದೆ ಸುರುಳಿಗೆ ಹೊರಳಿತು.

ಮೂರನೆಯದು, ಪ್ರತಿ ಚಕ್ರವೂ ತಾನೇ ತಾನಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್. ಇದರಲ್ಲಿ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಒಡಲಿಗೇ ಬಿಗಿದಿರುವುದರಿಂದ ಚಕ್ರದೊಡನೆ ಕುಣಿಯುವ ಭಾರ ಕಡಿಮೆಯಾಗಿ ವೇಗದ ಓಟ ನಯವಾಗುತ್ತದೆ. ಆದರೆ ಭಾರದಿಂದ ಒಡಲು ಕುಸಿದಾಗ ಆ ಪೆಟ್ಟಿಗೆಯೂ ನೆಲಕ್ಕೆ ಹತ್ತಿರವಾಗುತ್ತದೆ. ಅಖಂಡ ಅಚ್ಚಿನಲ್ಲಿ ಹಾಗಾಗದು. 2011ರ ಮಹೀಂದ್ರ ಎಕ್ಸ್‌ಯುವಿ500 ಹಿಂಬದಿಗೆ ಇದನ್ನು ಬಳಸಿತು. ಇದು ಕೇವಲ ಸುಖದ ವಾಹನಗಳ ಸೊತ್ತೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಬಿಇಎಂಎಲ್ ಸಂಸ್ಥೆ 1986ರ ಒಪ್ಪಂದದ ತರುವಾಯ ಸೇನೆಗೆ ಒದಗಿಸಿದ ಟಾಟ್ರಾ ಲಾರಿಗಳಲ್ಲಿ ನಡುವಿನ ಕೊಳವೆಯ ಇಕ್ಕೆಲಗಳಲ್ಲಿ ಅರೆ ಅಚ್ಚುಗಳು ಬೇರೆಬೇರೆಯಾಗಿ ತೂಗುತ್ತವೆ.

ಈ ತುಲನೆಗೆ ಕರ್ನಾಟಕದಲ್ಲಿಯೇ ಒಂದು ಸ್ಪಷ್ಟ ನಿದರ್ಶನ ದೊರೆಯುತ್ತದೆ. ಬಿಡದಿಯ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 2009ರಲ್ಲಿ ಫಾರ್ಚೂನರ್ ಹೊರಬಂದಿತು; ಅದೇ ವಂಶದ ಹೈಲಕ್ಸ್ 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಮುಂಭಾಗದಲ್ಲಿ ಎರಡೂ ಹತ್ತಿರದ ನೆಂಟರು. ಹಿಂಬದಿಯಲ್ಲಿ ಎರಡಕ್ಕೂ ಅಖಂಡ ಅಚ್ಚೇ ಇದ್ದರೂ, ಜನರನ್ನು ಕೂರಿಸುವ ಫಾರ್ಚೂನರ್‌ಗೆ ಸುರುಳಿ, ಸರಕು ಹೇರುವ ತೊಟ್ಟಿಯುಳ್ಳ ಹೈಲಕ್ಸ್‌ಗೆ ಕಮಾನು ಪಟ್ಟಿ. ಹೀಗಿರುವಾಗ ಪಟ್ಟಿಯನ್ನು ಹಳತೆಂದೂ ಸುರುಳಿಯನ್ನು ಹೊಸತೆಂದೂ ವಿಂಗಡಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಎರಡೂ ಒಂದೇ ಕಾಲದಲ್ಲಿ, ಒಂದೇ ಸಂಸ್ಥೆಯಲ್ಲಿ ತಯಾರಾಗುತ್ತ ಬಂದಿವೆ.

ಹೇರು ಹೊರುವ ಕೆಲಸದಲ್ಲಿ ಕಮಾನು ಪಟ್ಟಿ ಸೋತದ್ದಿಲ್ಲ. ಸರಕಿಗೆಂದು ಅಳೆದ ಅದರ ಮೇಲೆ ಮನುಷ್ಯರನ್ನು ಕೂರಿಸಿದ್ದು, ಬೇರೆ ವಾಹನ ದೊರೆಯದ ಸೀಮೆಯ ಅನಿವಾರ್ಯತೆ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳಂತಹ ಬಯಲುನಾಡಿನ ಸಾರಿಗೆಯ ಚರಿತ್ರೆಯನ್ನು ಬರೆಯುವಾಗ ಜೀಪು ಯಾವ ಊರಿಗೆ ಎಂದು ಬಂದಿತೆಂಬುದರೊಡನೆ, ಅದರ ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿದ್ದರೆಂಬುದನ್ನೂ ದಾಖಲಿಸಬೇಕಾಗಿದೆ.