ನಿವಾಸಿ

ಅಕ್ಕಲಕೋಟೆ ಕಡೆಯ ಮಾತಿನಲ್ಲಿ ‘ವಸ್ತಿ’ ಎಂದರೆ ರಾತ್ರಿ ತಂಗುವುದು. ಹಳ್ಳಿಯಲ್ಲೇ ಉಳಿದು ಬೆಳಗಿನ ಜಾವ ಸೊಲ್ಲಾಪುರಕ್ಕೆ ಹೊರಡುವುದು ವಸ್ತಿ ಬಸ್ಸು. ‘ನಿವಾಸಿ’ಯ ಬೇರೂ ಅದೇ, ಸಂಸ್ಕೃತದ ‘ವಸ್’ ಧಾತು. ಈಗ ನಿವಾಸಿ ಎಂದೊಡನೆ ನಮಗೆ ಹುಟ್ಟೂರು, ಹೊಲಮನೆ, ರೇಷನ್ ಕಾರ್ಡು ನೆನಪಾಗುತ್ತವೆ. ಆದಾಯ ತೆರಿಗೆಯವರು ಮಾತ್ರ ತಂಗುವ ಹಳೆಯ ಅರ್ಥಕ್ಕೇ ಅಂಟಿಕೊಂಡಿದ್ದಾರೆ, ಅದೇ ನ್ಯಾಯ ಎನ್ನಬೇಕು. ಅಕ್ಕಲಕೋಟೆಯವನೊಬ್ಬ ಆಗಸ್ಟಿನಲ್ಲಿ ನೌಕರಿಗೆಂದು ದುಬೈಗೆ ಹೋಗಿ ಮಾರ್ಚ್ ಮುಗಿಯುವವರೆಗೆ ಮರಳದಿದ್ದರೆ, ಆ ತೆರಿಗೆ ವರ್ಷದಲ್ಲಿ ಇಲ್ಲಿದ್ದದ್ದು 182 ದಿನಕ್ಕಿಂತ ಕಡಿಮೆ. ಆ ವರ್ಷ ಆತ ಅನಿವಾಸಿ. ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ಸೊಲ್ಲಾಪುರದ ಮನೆಬಾಡಿಗೆಗೆ ಉಂಟು.

ಹೆಂಡತಿ ಮಕ್ಕಳು ಇಲ್ಲೇ ಇರುವವನು ಅನಿವಾಸಿ ಹೇಗಾದಾನು ಎಂದು ಕೇಳಬಹುದು. ಆದರೆ ನಂಟು ಅಳೆಯಲು ಮಾಪಕವಿಲ್ಲ, ದಿನಗಳನ್ನು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸಬಹುದು. ಈ ಎಣಿಕೆ ಹೊಸದೂ ಅಲ್ಲ. ಅಕ್ಕಲಕೋಟೆ 1948ರವರೆಗೆ ಸಂಸ್ಥಾನ, ಸೊಲ್ಲಾಪುರ 1947ರವರೆಗೆ ಬ್ರಿಟಿಷರದು. 1939ರಲ್ಲಿ 182 ದಿನದ ಲೆಕ್ಕ ಕಾಯ್ದೆಗೆ ಬಂದ ಮೇಲೆ, ಸಂಸ್ಥಾನದ ಪ್ರಜೆಯೂ ಸೊಲ್ಲಾಪುರದಲ್ಲಿ ಅಷ್ಟು ದಿನ ಇದ್ದರೆ ನಿವಾಸಿಯೇ. ಅಮೆರಿಕದ ದಾರಿ ಬೇರೆ: ಪ್ರಜೆ ಎಲ್ಲಿ ದುಡಿದರೂ ಲೆಕ್ಕ ಒಪ್ಪಿಸಬೇಕು, ಹನ್ನೆರಡು ತಿಂಗಳಲ್ಲಿ 330 ದಿನ ಹೊರಗಿದ್ದರೆ, ದುಡಿಮೆಯ ನೆಲೆಯೂ ಹೊರಗೇ ಇದ್ದರೆ, ಗಳಿಕೆಯಲ್ಲಿ ಒಂದು ಮಿತಿಯವರೆಗೆ ವಿನಾಯಿತಿ. ನಮ್ಮಲ್ಲೂ ಪೌರತ್ವ ನುಸುಳಿದೆಯಲ್ಲ ಎಂಬ ಆಕ್ಷೇಪ ನಿಜವೇ. ಎಲ್ಲೂ ತೆರಿಗೆಗೆ ಸಿಗದ, ಇಲ್ಲಿ 15 ಲಕ್ಷ ರೂಪಾಯಿ ಮೀರಿದ ಆದಾಯವುಳ್ಳ ಭಾರತೀಯ ಪ್ರಜೆಯನ್ನು 2020ರ ತಿದ್ದುಪಡಿ ನಿವಾಸಿ ಎಂದೇ ಭಾವಿಸುತ್ತದೆ. ಆದರೂ ಅವನ ಪರದೇಶದ ಸಂಬಳಕ್ಕೆ ಅದು ಕೈಹಾಕಿಲ್ಲ.